ಮುದುಕಿ ರೆಕಾರ್ಡಿನ ಮಗ್ಗ

ಬನಹಟ್ಟಿಯ ಸುಭಾಷನ ಮನೆಗೆ ಕೊರಿಯರ್ ಬಂದದ್ದೇ ಓಣಿಗೆಲ್ಲ ಒಂದು ಸುದ್ದಿ. ಆ ಮನೆಗೆ ಹಾಲಿನವನು ಬರುತ್ತಾನೆ, ಮೀಟರ್ ನೋಡುವವನು ಬರುತ್ತಾನೆ, ಬೇರೆ ಯಾರೂ ಬರುವುದಿಲ್ಲ. ಎದುರು ಮನೆಯ ಗುರುಬಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದವಳು, ಸುಭಾಷನ ಕೈಯಲ್ಲಿದ್ದ ಚೌಕಾಕಾರದ ಚಪ್ಪಟೆ ಪೊಟ್ಟಣ ನೋಡಿ ಮೊರ ಬದಿಗಿಟ್ಟಳು.

"ಏನ್ರಿ ಸುಭಾಷಣ್ಣ, ಟೀವಿ ತರಿಸೀರೇನು? ಭಾಳ ತೆಳ್ಳಗ ಐತಲ್ಲ."

"ಟೀವಿ ಅಲ್ಲವ್ವಾ, ಹಾಡಿನ ರೆಕಾರ್ಡು."

"ಯಾವ ಹಾಡು?"

"ಇಂಗ್ಲೆಂಡಿಂದು. ಐವತ್ತು ವರ್ಷದ ಹಳೇದು. ಈಗ ಮತ್ತ ಹೊಸದಾಗಿ ಬಿಟ್ಟಾರ."

ಗುರುಬಾಯಿ ಮತ್ತೆ ಮೊರ ಎತ್ತಿಕೊಂಡಳು. ಸುಭಾಷನ ಹತ್ತಿರ ಹಾಡಿನ ಮಾತು ತೆಗೆದರೆ ಒಲೆಯ ಮೇಲಿನ ಬೇಳೆ ತಳ ಹಿಡಿಯುವವರೆಗೂ ಬಿಡುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿರುವ ಸಂಗತಿ. ಸುಭಾಷನಿಗೂ ಅವಳು ಮೊರ ಎತ್ತಿಕೊಂಡದ್ದರ ಅರ್ಥ ಗೊತ್ತಾಯಿತು. ಜನ್ಮವಿಡೀ ಅವನು ನೋಡಿದ್ದು ಇದನ್ನೇ. ಅವನು ಹಾಡಿನ ಸುದ್ದಿ ಎತ್ತಿದಾಗಲೆಲ್ಲ ಎದುರಿಗಿದ್ದವರಿಗೆ ಏನೋ ಒಂದು ಕೆಲಸ ನೆನಪಾಗುತ್ತಿತ್ತು.

ನೇಕಾರರ ಮನೆಯಲ್ಲಿ ಹುಟ್ಟಿ ಮಗ್ಗಕ್ಕೆ ಬೆನ್ನು ಹಾಕಿದವನು ಸುಭಾಷ. ಅಪ್ಪ, ಅಜ್ಜ, ಅಣ್ಣ ಕಾಶಪ್ಪ ಎಲ್ಲರೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ಇವನಿಗೆ ಮಾತ್ರ ಆ ಕುಣಿ ಕಂಡರೆ ಆಗುತ್ತಿರಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಜಮಖಂಡಿಯ ಒಂದು ರೇಡಿಯೊ ರಿಪೇರಿ ಅಂಗಡಿಗೆ ಕೆಲಸಕ್ಕೆ ಸೇರಿದ. ಮುಂದೆ ತನ್ನದೇ ಕ್ಯಾಸೆಟ್ಟಿನ ಅಂಗಡಿ ಹಾಕಿದ. ಕ್ಯಾಸೆಟ್ಟು ಸತ್ತ ಮೇಲೆ ಅದೇ ಅಂಗಡಿಯಲ್ಲಿ ಮೊಬೈಲಿಗೆ ಕರೆನ್ಸಿ ಹಾಕುತ್ತ ಕೂತ. ಅದೂ ಸತ್ತ ಮೇಲೆ ಶಟರ್ ಎಳೆದು ಮನೆಗೆ ಬಂದ. ಅಷ್ಟರಲ್ಲಿ ತಲೆ ಪೂರಾ ಬೆಳ್ಳಗಾಗಿತ್ತು. ಮಕ್ಕಳಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಹೆಂಡತಿ ಕಾಂಚನಾ ತೀರಿಹೋದಳು. ಈಗ ಮನೆಯಲ್ಲಿ ಅವನು, ಒಂದು ಕಪಾಟು ತುಂಬ ಕ್ಯಾಸೆಟ್ಟು, ಒಂದು ಹಳೆಯ ರೆಕಾರ್ಡ್ ಪ್ಲೇಯರು.

ಆ ಕಪಾಟಿನಲ್ಲಿ ಭಜನೆ ಇವೆ, ಡೊಳ್ಳಿನ ಪದ ಇವೆ, ನಾಟಕದ ಹಾಡಿವೆ. ಆದರೆ ಅವನ ಜೀವ ಇದ್ದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಬ್ರಿಟನ್ನಿನ ನಾಲ್ಕು ಮಂದಿ ಉದ್ದ ಕೂದಲಿನ ಹುಡುಗರು ಕೂಡಿ ಮಾಡಿದ ರೆಕಾರ್ಡಿನಿಂದ ಅವನು ತಾನೇ ಇಳಿಸಿಕೊಂಡ ಕ್ಯಾಸೆಟ್ಟು ಅದು. ಸೈಕೆಡೆಲಿಕ್ ರಾಕ್ ಎನ್ನುತ್ತಾರೆ ಆ ಜಾತಿಯ ಸಂಗೀತಕ್ಕೆ. ಗಿಟಾರು ಎಲ್ಲಿಂದಲೋ ಎದ್ದು ಎಲ್ಲಿಗೋ ಹೋಗುತ್ತದೆ, ಆರ್ಗನ್ನು ಜೋಲಿ ಹೊಡೆಯುತ್ತದೆ, ನಡುನಡುವೆ ಗಡಿಯಾರ, ಹಕ್ಕಿ, ಬಾಗಿಲು ಬಡಿದ ಸದ್ದು, ಹಿಂದುಮುಂದಾಗಿ ಓಡಿಸಿದ ಮಾತು ಎಲ್ಲ ಬರುತ್ತವೆ. ರೆಕಾರ್ಡಿನ ಹೊದಿಕೆಯ ಮೇಲೆ ಕೆರೆಯ ನಡುವೆ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಮುದುಕಿ, ಅವಳ ತಲೆಯ ಮೇಲೆ ಹಾರಾಡುವ ಮೀನು. ಇಂಗ್ಲಿಷ್ ಹೆಸರಿಗೆ ನಾಲಿಗೆ ಹೊರಳದ್ದರಿಂದ ಸುಭಾಷ ಮೊದಲಿನಿಂದಲೂ ಅದನ್ನು ಮುದುಕಿ ರೆಕಾರ್ಡು ಎಂದೇ ಕರೆದ.

ಆ ರೆಕಾರ್ಡಿನ ಮೂರನೆಯ ಹಾಡಿನಲ್ಲಿ ಒಂದು ಮಗ್ಗ ಬರುತ್ತದೆ. ಮೊದಲು ಮೆಲ್ಲಗೆ ಎರಡು ಏಟು. ಸ್ವಲ್ಪ ತಡವರಿಸಿ ಮತ್ತೆರಡು. ಆಮೇಲೆ ಹಾಡಿನ ಲಯ ಸಿಕ್ಕಿತೆಂದರೆ ಆಯಿತು, ಲಾಳಿ ಓಡಿದ ಸದ್ದು, ನೂಲನ್ನು ಬಡಿದು ಕೂಡಿಸುವ ಹಣಿಗೆ ಬಿದ್ದ ಸದ್ದು, ಲಾಳಿ, ಹಣಿಗೆ, ಹೀಗೆ ಹಾಡಿನ ಜೊತೆ ಹೆಜ್ಜೆ ಹಾಕುತ್ತ ಕೊನೆಯವರೆಗೂ ಹೋಗುತ್ತದೆ. ಗಡಿಯಾರ, ಹಕ್ಕಿ ಹಾಕಿದವರು ಮಗ್ಗವನ್ನೂ ಹಾಕಿದ್ದರು. ಆ ದೇಶದವರೂ ಬಟ್ಟೆ ನೇಯ್ದೇ ದೊಡ್ಡವರಾದವರು ಎಂದು ಸಾಲೆಯಲ್ಲಿ ಓದಿದ್ದ. ಮಗ್ಗ ಬಿಟ್ಟು ಓಡಿಬಂದವನಿಗೆ ಸಮುದ್ರದಾಚೆಯ ಹಾಡಿನಲ್ಲಿ ಮಗ್ಗವೇ ಎದುರಾಯಿತು, ಮತ್ತು ಅಲ್ಲಿ ಅದು ಎಷ್ಟು ಚೆಂದ ಕೇಳಿಸಿತೆಂದರೆ ಮೊದಲ ಸಲ ಕೇಳಿದಾಗ ಅವನ ಕಣ್ಣಲ್ಲಿ ನೀರು ಬಂತು.

ಈ ಸಂತೋಷವನ್ನು ಅವನು ಯಾರ ಜೊತೆಗೂ ಹಂಚಿಕೊಳ್ಳಲಾಗಲಿಲ್ಲ. ಅಂಗಡಿಗೆ ಬಂದವರಿಗೆ ಕೇಳಿಸಿದರೆ "ಏನ್ ಬೆಕ್ಕು ಜಗಳಾಡಾಕತ್ತಾವೇನಪಾ" ಎಂದು ನಗುತ್ತಿದ್ದರು. ಮನೆಯಲ್ಲಿ ಕಾಂಚನಾ ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅವನು ಆ ಕ್ಯಾಸೆಟ್ಟು ಹಾಕಿದಾಗ ಸುಮ್ಮನೆ ಎದ್ದು ಅಡುಗೆ ಮನೆಗೆ ಹೋಗುತ್ತಿದ್ದಳು. ಆ ಮೌನವೇ ಅವನಿಗೆ ಚುಚ್ಚುತ್ತಿತ್ತು. ನೆಂಟರಿಷ್ಟರ ಎದುರಿಗೆ "ಈಕಿಗೇನ್ ತಿಳೀತೈತಿ" ಎಂದು ಅಂದುಬಿಡುತ್ತಿದ್ದ. ಒಂದೇ ಮನೆಯಲ್ಲಿ ಇದ್ದೂ ನಾನು ಒಬ್ಬನೇ ಎಂಬ ಕೊರಗನ್ನು ಅವನು ಚಿನ್ನದ ಹಾಗೆ ಜೋಪಾನ ಮಾಡಿಕೊಂಡು ಬಂದ. ಇಂಥ ಕೊರಗಿನಲ್ಲಿ ಒಂದು ಸುಖವೂ ಇರುತ್ತದೆ, ಅದನ್ನು ಅವನು ಬೇಕಾದಷ್ಟು ಉಂಡ.

ಕಾಂಚನಾ ಹೋದ ಮೇಲೆ ಆ ಸುಖ ಹೋಯಿತು, ಒಬ್ಬನೇ ಎಂಬುದು ಮಾತ್ರ ಉಳಿಯಿತು. ಒಂದು ದಿನ ಅವಳ ದನಿ ಕೇಳಬೇಕೆನ್ನಿಸಿತು. ಕಪಾಟೆಲ್ಲ ಹುಡುಕಿದ. ಊರ ಮಂದಿಯ ದನಿಗಳೆಲ್ಲ ಇದ್ದವು, ಸೋಬಾನೆ ಹಾಡುವ ಮುದುಕಿಯರು, ಚುನಾವಣೆಯ ಭಾಷಣ, ಪಕ್ಕದ ಮನೆಯ ಕೂಸು ಅತ್ತದ್ದು ಕೂಡ. ಹೆಂಡತಿಯ ದನಿ ಒಂದು ಗೇಣು ಟೇಪಿನಲ್ಲೂ ಇರಲಿಲ್ಲ. ಅವತ್ತು ಅವನು ಊಟ ಮಾಡಲಿಲ್ಲ.

ಮುದುಕಿ ರೆಕಾರ್ಡಿನ ಕ್ಯಾಸೆಟ್ಟೂ ಅಷ್ಟರಲ್ಲಿ ಸವೆದುಹೋಗಿತ್ತು. ಹಾಡುವವನ ದನಿ ಮಸುಕಾಗಿ, ಗಿಟಾರು ಗೊಗ್ಗರಾಗಿ, ಮಗ್ಗದ ಏಟಷ್ಟೇ ಒಂದಿಷ್ಟು ಗಟ್ಟಿಯಾಗಿ ಉಳಿದಿತ್ತು. ಇನ್ನು ನಾಲ್ಕು ಸಲ ಹಾಕಿದರೆ ಟೇಪು ಹರಿದೇ ಹೋದೀತೆಂದು ಎತ್ತಿಟ್ಟಿದ್ದ. ಮೊಬೈಲಿನಲ್ಲಿ ಒಮ್ಮೆ ಹುಡುಕಿ ಹಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸಿತು, ಮಗ್ಗ ಕೇಳಿಸಲೇ ಇಲ್ಲ. ಅಷ್ಟು ಸಣ್ಣ ಸ್ಪೀಕರಿನಲ್ಲಿ ಮಗ್ಗ ಹೆಂಗ ಹಿಡಿಸೀತು ಎಂದು ಆರಿಸಿಬಿಟ್ಟ. ಹೋದ ತಿಂಗಳು ಜಮಖಂಡಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಎಡಗಿವಿ ಹೋದಂತೆಯೇ, ಬಲಗಿವಿಯೂ ಬಹಳ ದಿನ ನಿಲ್ಲುವುದಿಲ್ಲ ಎಂದರು. ಅದೇ ವಾರ ರೆಕಾರ್ಡು ಹೊಸದಾಗಿ ಬಂದಿದೆ ಎಂಬ ಸುದ್ದಿ ಮೊಬೈಲಿನಲ್ಲಿ ಕಂಡಿತು. ಮೂಲ ಟೇಪಿನಿಂದಲೇ ಮತ್ತೆ ತಯಾರಿಸಿದ್ದು, ಧೂಳು ಕಸ ಎಲ್ಲ ತೆಗೆದದ್ದು ಎಂದು ಬರೆದಿದ್ದರು. ಕಿವಿ ಮುಚ್ಚುವ ಮೊದಲು ಆ ಮಗ್ಗವನ್ನು ಒಮ್ಮೆ ನಿಚ್ಚಳವಾಗಿ ಕೇಳಬೇಕು. ಇಷ್ಟೇ ಅವನ ಆಸೆ. ಬೇರೆ ಯಾವ ಆಸೆಯೂ ಅವನಿಗೆ ಉಳಿದಿರಲಿಲ್ಲ.

ಹೀಗೆ ಬಂದದ್ದು ಆ ಪೊಟ್ಟಣ.

ಬಾಗಿಲು ಹಾಕಿಕೊಂಡ. ಓಣಿಯ ಪಾವರ್‌ಲೂಮುಗಳ ಗದ್ದಲ ಒಳಗೆ ಬರದಿರಲೆಂದು ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಮುಳ್ಳು ಇಳಿಸಿದ. ಮೊದಲನೆಯ ಹಾಡು ಕೇಳಿ ದಂಗಾಗಿ ಹೋದ. ಇಷ್ಟು ವರ್ಷ ಕೇಳದೇ ಇದ್ದ ವಾದ್ಯಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಹಾಡುವವನು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಎರಡನೆಯ ಹಾಡೂ ಮುಗಿಯಿತು. ಮೂರನೆಯದು ಶುರುವಾಯಿತು. ಸುಭಾಷ ಕಣ್ಣು ಮುಚ್ಚಿ, ಬಲಗಿವಿಯ ಮೇಲೆ ಅಂಗೈ ಒತ್ತಿ ಹಿಡಿದು ಕಾದ.

ಮಗ್ಗ ಬರಲಿಲ್ಲ.

ಈಗ ಬಂದೀತು, ಈಗ ಬಂದೀತು ಎನ್ನುವುದರೊಳಗೆ ಹಾಡು ಮುಗಿದೇ ಹೋಯಿತು. ಮುಳ್ಳು ಎತ್ತಿ ಮತ್ತೆ ಇಟ್ಟ. ಹೆಡ್‌ಫೋನು ತಿರುಗಿಸಿ ಹಾಕಿಕೊಂಡ. ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದ. ಎಲ್ಲ ಇತ್ತು, ಗಡಿಯಾರ ಇತ್ತು, ಹಕ್ಕಿ ಇತ್ತು, ಮಗ್ಗ ಇರಲಿಲ್ಲ. ಮೊದಲು ಅವನಿಗೆ ಬಂದದ್ದು ಸಿಟ್ಟು. ಕಸ ತೆಗೆಯುತ್ತೇವೆಂದು ಹೋದ ಹುಡುಗರು ಮಗ್ಗವನ್ನೂ ಕಸವೆಂದು ತಿಳಿದು ಗುಡಿಸಿ ಹಾಕಿದ್ದಾರೆ ಎಂದುಕೊಂಡ. ಬನಹಟ್ಟಿಯಲ್ಲಿ ಹುಟ್ಟಿದವರಾಗಿದ್ದರೆ ಇಂಥ ಕೆಲಸ ಮಾಡುತ್ತಿದ್ದರೇ? ಆ ರೆಕಾರ್ಡಿನ ಅಭಿಮಾನಿಗಳು ಸೇರುವ ಒಂದು ಪುಟ ಮೊಬೈಲಿನಲ್ಲಿತ್ತು. ತನಗೆ ಬರುವ ಇಂಗ್ಲಿಷಿನಲ್ಲಿ, ಮೂರನೆಯ ಹಾಡಿನ ಮಗ್ಗ ಎಲ್ಲಿ ಹೋಯಿತು, ಯಾರು ತೆಗೆದರು, ಯಾರನ್ನು ಕೇಳಿ ತೆಗೆದರು ಎಂದು ಖಡಕ್ಕಾಗಿ ಬರೆದು ಹಾಕಿದ.

ಇಬ್ಬರು ನಕ್ಕ ಮುಖದ ಚಿತ್ರ ಹಾಕಿದರು. ಒಬ್ಬ ಮಾತ್ರ ಸಮಾಧಾನವಾಗಿ ಉತ್ತರ ಬರೆದ. ಅವನೂ ವಯಸ್ಸಾದವನೇ ಇರಬೇಕು. ಆ ರೆಕಾರ್ಡು ಮೊದಲು ಬಂದ ವಾರವೇ ಕೊಂಡವನಂತೆ, ಈಗಲೂ ಅದು ತನ್ನ ಹತ್ತಿರ ಇದೆಯಂತೆ. ಅದರಲ್ಲಿ ಗಡಿಯಾರವಿದೆ, ಹಕ್ಕಿಯಿದೆ, ಕೊನೆಗೆ ಚಹಾದ ಕೆಟಲು ಕೂಡ ಇದೆ, ಆದರೆ ಮಗ್ಗ ಯಾವತ್ತೂ ಇರಲಿಲ್ಲ ಎಂದು ಬರೆದಿದ್ದ. ನೀವು ಕೇಳಿದ ಮಗ್ಗ ಎಲ್ಲಿಯದು ಎಂದೂ ಕೇಳಿದ್ದ. ಸುಭಾಷ ಮೊಬೈಲನ್ನು ಬೋರಲು ಹಾಕಿದ.

ಸಿಟ್ಟು ಇಳಿದ ಮೇಲೆ ಹೆದರಿಕೆ ಬಂತು. ಇಡೀ ಆಯುಷ್ಯ ತಾನು ಕೇಳಿದ್ದಾದರೂ ಏನನ್ನು? ಆ ಮಗ್ಗ ಇಂಗ್ಲೆಂಡಿನದಲ್ಲವಾದರೆ ಯಾರದು? ರೇಡಿಯೊ ರಿಪೇರಿ ಮಾಡಿದವನು, ಕ್ಯಾಸೆಟ್ಟು ಮಾರಿದವನು, ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲವಲ್ಲ ಎಂದು ತನ್ನ ಮೇಲೇ ನಾಚಿಕೆಯಾಯಿತು. ಹಾಡು ಇಳಿಸಿಕೊಂಡ ಆ ದಿನವನ್ನು ಅವನು ನೆನಪಿಗೆ ತಂದುಕೊಂಡ.

ಆಗ ಅವನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಜಮಖಂಡಿಯ ರಿಪೇರಿ ಅಂಗಡಿಯಲ್ಲಿ ಇನ್ನೂ ಹೊಸಬ. ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಪುಣೆಯಿಂದ ಬಂದಿದ್ದ ಎಂಜಿನಿಯರ್ ಒಬ್ಬರು ತಮ್ಮ ರೆಕಾರ್ಡ್ ಪ್ಲೇಯರನ್ನು ರಿಪೇರಿಗೆ ತಂದುಕೊಟ್ಟು, ಪರೀಕ್ಷೆಗೆ ಇರಲೆಂದು ಈ ರೆಕಾರ್ಡನ್ನೂ ಬಿಟ್ಟು ಹೋಗಿದ್ದರು. ಮೊದಲ ಹಾಡು ಕೇಳುತ್ತಿದ್ದಂತೆ ಸುಭಾಷನಿಗೆ ತಲೆ ತಿರುಗಿತು. ಮರುದಿನವೇ ಅವರು ಒಯ್ಯುವುದಿತ್ತು, ಉಳಿದ ಹಾಡು ಕೂತು ಕೇಳಲು ಹೊತ್ತಿರಲಿಲ್ಲ. ಮಾಲಕನ ಕೈಕಾಲು ಹಿಡಿದು, ಪ್ಲೇಯರು, ಸ್ಪೀಕರು, ರೆಕಾರ್ಡು ಎಲ್ಲವನ್ನೂ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮನೆಗೆ ತಂದ. ತಂತಿ ಹಚ್ಚಿ ನೇರವಾಗಿ ಇಳಿಸಿಕೊಳ್ಳುವ ವಿದ್ಯೆ ಆಗ ಅವನಿಗೆ ಬರುತ್ತಿರಲಿಲ್ಲ. ಸ್ಪೀಕರಿನ ಎದುರಿಗೆ ಟೇಪ್ ರೆಕಾರ್ಡರು ಇಟ್ಟು ಗುಂಡಿ ಒತ್ತುವುದೊಂದೇ ಗೊತ್ತಿತ್ತು.

ಹಾಗೆ ಇಳಿಸಿಕೊಳ್ಳಬೇಕಾದರೆ ಸುತ್ತ ಯಾರೂ ಮಾತಾಡಬಾರದು. ಅವನ ಪುಣ್ಯಕ್ಕೆ ಅಣ್ಣ ಕಾಶಪ್ಪ, ಅವನ ಹೆಂಡತಿ ಶಿವವ್ವ ವೈನಿ ಇಬ್ಬರೂ ಮದುವೆಗೆಂದು ಗಲಗಲಿಗೆ ಹೋಗಿದ್ದರು. ಮನೆಯಲ್ಲಿದ್ದವಳು ಕಾಂಚನಾ ಒಬ್ಬಳೇ. ಅವಳಿಗೆ ಗದರಿಸಿ ಹೇಳಿದ, "ಒಳಗ ಕುಂಡರು. ಬಾಯಿ ಮಾತ್ರ ಬಿಡಬ್ಯಾಡ. ಒಂದ್ ಮಾತು ಆಡಿದ್ರೂ ಎಲ್ಲಾ ಹಾಳಾಗ್ತೈತಿ ನೋಡು." ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡು, ತಾನು ಹೊರಗೆ ಓಣಿಯಲ್ಲಿ ಕಾವಲು ನಿಂತ. ಬಳೆ ಮಾರುವವನನ್ನು ಆಚೆ ಕಳಿಸಿದ, ನಾಯಿಗೆ ಕಲ್ಲು ಎಸೆದ, ಆಡುವ ಹುಡುಗರನ್ನು ಅಟ್ಟಿದ. ಒಂದು ಬದಿ ಮುಗಿಯುವವರೆಗೂ ಓಣಿಯಲ್ಲಿ ಒಂದು ಮಾತು ಏಳಗೊಡಲಿಲ್ಲ.

ಓಣಿಯ ಮಗ್ಗಗಳನ್ನು ನಿಲ್ಲಿಸಿರೆಂದು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಬನಹಟ್ಟಿಯಲ್ಲಿ ಮಗ್ಗವನ್ನು ಯಾರೂ ಸಪ್ಪಳವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಸು ಮಲಗಿದಾಗ ಅಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಾರೆ, ಮಗ್ಗ ಮಾತ್ರ ನಡೆದೇ ಇರುತ್ತದೆ. ಮಗ್ಗ ನಿಂತರೆ ಕೂಸಿಗೆ ಎಚ್ಚರವಾಗುತ್ತದೆ. ಆದರೆ ಓಣಿಯ ಮಗ್ಗಗಳು ಗೋಡೆಯಾಚೆ ದೂರ. ಕ್ಯಾಸೆಟ್ಟಿನಲ್ಲಿದ್ದ ಮಗ್ಗ ಹತ್ತಿರದ್ದು. ಹತ್ತಿರದ್ದೆಂದರೆ ನಡುಮನೆಯ ಅಣ್ಣನ ಮಗ್ಗವೇ ಆಗಬೇಕು, ಅಣ್ಣನೋ ಗಲಗಲಿಯಲ್ಲಿದ್ದ. ಆದ್ದರಿಂದ ಆ ಮಗ್ಗ ರೆಕಾರ್ಡಿನ ಒಳಗಿನದೇ. ಅಂದು ಹೀಗೆ ಯೋಚಿಸಿದ್ದೋ ಇಲ್ಲವೋ, ಮನಸ್ಸು ಅಷ್ಟರಲ್ಲೇ ಗಟ್ಟಿ ಮಾಡಿಕೊಂಡುಬಿಟ್ಟಿತ್ತು.

ಅಣ್ಣ ಅವತ್ತು ಬೇಗ ಬಂದಿದ್ದನೇ? ಹಿತ್ತಲ ಬಾಗಿಲಿನಿಂದ ಬಂದು ಮಗ್ಗಕ್ಕೆ ಕೂತಿದ್ದನೇ? ಹಾಗಾದರೆ ಇಂಥ ಹಾಡಿಗೆ ಲಯ ಕಟ್ಟಿದವನು, ತನ್ನನ್ನು ಜನ್ಮವಿಡೀ "ಇಂಗ್ಲಿಷ್ ಹುಚ್ಚ" ಎಂದು ಬೈದ ಅಣ್ಣನೇ? ಈ ಹಾಡನ್ನು ಕೇಳಿದವನು ಇನ್ನೊಬ್ಬನಿದ್ದ. ಮರುದಿನವೇ ಸವೆದ ಕ್ಯಾಸೆಟ್ಟನ್ನೂ ಸೆಲ್ಲಿನ ಟೇಪ್ ರೆಕಾರ್ಡರನ್ನೂ ಚೀಲದಲ್ಲಿಟ್ಟುಕೊಂಡು ರಬಕವಿಗೆ ಹೋದ.

ಪಾಲಾದ ಮೇಲೆ ಕಾಶಪ್ಪ ರಬಕವಿಯಲ್ಲಿ ಮನೆ ಕಟ್ಟಿ, ಮನೆಗೆ ಹೊಂದಿಸಿ ಪಾವರ್‌ಲೂಮಿನ ಶೆಡ್ಡು ಹಾಕಿದ್ದ. ಈಗ ವಯಸ್ಸಾಗಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಒಳಗಿನ ಗದ್ದಲದಲ್ಲಿ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ. ಸುಭಾಷ ಚೀಲ ತೋರಿಸಿ ಬಾಯಿ ಆಡಿಸಿದ. ಕಾಶಪ್ಪ ಕೈ ಮಾಡಿ ಕೂಡಿಸಿದ.

"ಕರೆಂಟ್ ಹೋಗ್ಲಿ, ತಡಿ! ಹೋಗೂ ಹೊತ್ತಾಗೇತಿ!" ಎಂದು ಕಿವಿಯಲ್ಲಿ ಕೂಗಿದ.

ಅಣ್ಣ ತಮ್ಮ ಇಬ್ಬರೂ ಪಕ್ಕಪಕ್ಕ ಕೂತು ಕರೆಂಟು ಹೋಗುವುದನ್ನು ಕಾದರು. ಊಟದ ಹೊತ್ತಿಗೆ ಸರಿಯಾಗಿ ಅದು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತು ಶೆಡ್ಡು ಬಿಕೋ ಎಂದಿತು. ಕೆಲಸದವರು ಬುತ್ತಿ ಎತ್ತಿಕೊಂಡು ಹೊರಗೆ ಬೇವಿನ ಗಿಡದ ಕೆಳಗೆ ಹೋದರು.

"ಈಗ ಹೇಳ್ಲೇ. ಏನ್ ತಂದೀದಿ ಚೀಲದಾಗ?"

"ಅಣ್ಣಾ, ಒಂದ್ ಕೇಳಿಸ್ತೀನಿ. ಹಾಡು ಬಿಡು, ಮಗ್ಗಷ್ಟ ಕೇಳು. ಯಾರ ಕೈ ಅನ್ನೂದು ಹೇಳು."

ಇದು ಅಲ್ಲಿಯವರಿಗೆ ವಿಚಿತ್ರವಾದ ಬೇಡಿಕೆಯಲ್ಲ. ಕೈಮಗ್ಗದ ಕಾಲದಲ್ಲಿ ಓಣಿಯಲ್ಲಿ ನಡೆದು ಹೋಗುವವನು ಸದ್ದು ಕೇಳಿಯೇ, ಇವತ್ತು ಮಗ ಕೂತಿದ್ದಾನೆ, ಅಪ್ಪನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳುತ್ತಿದ್ದ. ಒಬ್ಬೊಬ್ಬರ ಏಟು ಒಂದೊಂದು ರೀತಿ. ಸುಭಾಷ ಗುಂಡಿ ಒತ್ತಿದ. ಸವೆದ ಹಾಡು ಗೊರಗೊರ ಎಂದು ಶುರುವಾಯಿತು. ಕಾಶಪ್ಪ ಮುಖ ಸಿಂಡರಿಸಿದ. ಅಷ್ಟರಲ್ಲಿ ಎರಡು ಏಟು ಬಿದ್ದವು. ಸ್ವಲ್ಪ ತಡೆದು ಮತ್ತೆರಡು. ಮುದುಕನ ಮುಖ ಸಡಿಲಾಯಿತು. ಟೇಪ್ ರೆಕಾರ್ಡರು ಎತ್ತಿ ಕಿವಿಗೆ ಹಿಡಿದುಕೊಂಡ.

"ಮಗ್ಗ ನಂದ," ಎಂದ. "ಹಣಿಗಿ ಬೀಳೂಮುಂದ ಎಡಕ್ಕ ಕಿರ್ರ್ ಅಂತೈತಲ್ಲ, ಅದು ಅಪ್ಪನ ಕಾಲದಿಂದ ಹಂಗ. ಆದ್ರ ಕೈ ನಂದಲ್ಲ."

"ನಿಂದಲ್ಲ?"

"ಎಲ್ಲಿ ನಂದು? ನಾ ಜಾಡಿಸಿ ಹೊಡಿಯಾಂವ. ಇದು ಎಷ್ಟು ಹಗುರ ಐತಿ ನೋಡು. ಏಟು ಬಿದ್ದದ್ದು ನೂಲಿಗೆ ಗೊತ್ತಾಗಬಾರದು, ಹಂಗ ಹೊಡದಾರ. ಯಾರಪಾ ಇದು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಶಿವವ್ವ ಕೈ ನಿಲ್ಲಿಸಿದ್ದಳು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಹಾಡು ಮುಗಿಯುವವರೆಗೂ ಕೇಳಿದಳು.

"ಕಾಂಚನಾಂದು ಅದು," ಅಂದಳು. "ಇನ್ನೂ ಐತೇನು ಅದು ನಿನ್ನ ಕಡೆ?"

ಸುಭಾಷನಿಗೆ ತಿಳಿಯಲಿಲ್ಲ. "ಏನ್ ವೈನಿ? ಆಕಿಗೆಲ್ಲಿ ನೇಯಾಕ ಬರ್ತಿತ್ತು? ಆಕಿ ನಮ್ಮ ಮನ್ಯಾಗ ಲಾಳಿಗೆ ಹಾಕೂ ನೂಲಿನ ಕಂಡಿಕಿ ಸುತ್ತಿದ್ದಷ್ಟ."

"ರಬಕವಿ ನೇಕಾರ ಮನಿ ಮಗಳು, ನೇಯಾಕ ಬರೂದಿಲ್ಲಂತ ಯಾರು ಹೇಳಿದ್ರು ನಿನಗ? ಲಗ್ನದಾಗ ನೀನ ಹೇಳಿದ್ಯಲ್ಲ, ನನ್ನ ಹೇಣ್ತಿ ಕುಣ್ಯಾಗ ಇಳಿಯಂಗಿಲ್ಲ, ನಾ ಮಗ್ಗ ಬಿಟ್ಟಾಂವ, ಆಕಿನೂ ಬಿಡಬೇಕು ಅಂತ. ಬಿಟ್ಲು. ನೀ ಇದ್ದಾಗ ಬಿಟ್ಲು."

ಕಾಶಪ್ಪ ತೊಡೆ ತಟ್ಟಿಕೊಂಡ. "ಹೌದಲೇ! ಗಲಗಲಿಯಿಂದ ಬಂದ ಮರುದಿನ ಮಗ್ಗಕ್ಕ ಕುಂತೆ. ಸೀರಿ ಒಂದ್ ಗೇಣು ಬೆಳದೈತಿ. ನೇಯ್ಗಿನೂ ನನಗಿಂತ ಸಣ್ಣ. ಈಕಿನ್ನ ಕೇಳಿದ್ರ, ಸುಮ್ನ ನೇಯ್ರಿ, ನಿಮಗ್ಯಾಕ ಅಂದ್ಲು. ಬಿಟ್ಟೆ."

ಸುಭಾಷ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗದರಿಸಿ ಒಳಗೆ ಕೂಡಿಸಿದ ಹುಡುಗಿ ಕಣ್ಣ ಮುಂದೆ ಬಂದಳು. ಬಾಯಿ ಬಿಡಬೇಡ ಎಂದಿದ್ದ, ಅವಳು ಬಿಡಲಿಲ್ಲ. ಗಂಡ ಹೊರಗೆ ಬಳೆಗಾರನ ಜೊತೆ ಜಗಳಾಡುತ್ತಿದ್ದಾಗ, ಅವಳು ಆ ಅಪರಿಚಿತ ಹಾಡನ್ನು ಎರಡು ಮುಗಿಯುವವರೆಗೆ ಕೇಳಿ, ಮೂರನೆಯದಕ್ಕೆ ತಡೆಯಲಾಗದೆ ಕುಣಿಗೆ ಇಳಿದಿದ್ದಳು. ಎರಡು ಏಟು ಹಾಕಿ ನೋಡಿದ್ದಳು, ಹೊಂದಲಿಲ್ಲ, ಮತ್ತೆ ನೋಡಿದ್ದಳು. ಆಮೇಲೆ ಆ ನಾಲ್ವರ ಜೊತೆ ಐದನೆಯವಳಾಗಿ ಕೊನೆಯವರೆಗೂ ಹೋಗಿದ್ದಳು. ಸುಮ್ಮನೆ ನೇಯ್ದರೆ ಮಗ್ಗ ಹಾಡಿಗೆ ಹೊಂದುವುದಿಲ್ಲ. ಮೈಯೆಲ್ಲ ಕಿವಿಯಾಗಿ ಕೇಳಿದವಳ ಕೈ ಅದು. ಇಡೀ ಊರಿನಲ್ಲಿ ಒಬ್ಬರಾದರೂ ಈ ಹಾಡು ಕೇಳಲಿಲ್ಲವಲ್ಲ ಎಂದು ಅವನು ಕೊರಗಿದ್ದು ಅವಳ ಪಕ್ಕದಲ್ಲೇ ಕೂತುಕೊಂಡು.

"ಮತ್ತ ಯಾಕ ಹೇಳಲಿಲ್ರಿ ವೈನಿ ಆಕಿ? ಇಷ್ಟು ವರ್ಷ? ನಾ ಸಿಟ್ಟಾಗ್ತೀನಂತ ಹೆದರಿದ್ಲೇನು?"

"ಹೆದರಿಕಿ ಎಲ್ಲಿಂದು," ಎಂದಳು ಶಿವವ್ವ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತಳು. "ನೀ ಆಕಿಗೆ ಆ ಹಾಡು ಕೇಳಿಸಿದ್ಯಂತ. ಇಂಗ್ಲೆಂಡಿನಾವ್ರು ಹಾಡಿನಾಗ ಮಗ್ಗ ಹಾಕ್ಯಾರ ನೋಡು ಅಂದ್ಯಂತ. ಆಕಿ ಕೇಳಿದ್ಲಂತ, ಛಲೋ ನೇಯ್ತಾನೇನ್ರಿ ಅಂವ ಅಂತ. ಇಂಥಾ ಕೈ ನಮ್ಮ ಊರಾಗ ಒಂದೂ ಇಲ್ಲ ಅಂದ್ಯಂತ ನೀ. ಮರುದಿನ ನಳದ ಕಡೆ ನನ್ನ ಹಿಡಕೊಂಡು ನಕ್ಕೋತ ಹೇಳಿದ್ಲು. ನಕ್ಕು ನಕ್ಕು ಕಣ್ಣಾಗ ನೀರು. ನಾ ಅಂದೆ, ಹೇಳಬೇ ಹುಚ್ಚಿ, ನಂದ ಕೈ ಅಂತ ಹೇಳಿಬಿಡು. ಆಕಿ ಅಂದ್ಲು, ಬ್ಯಾಡಕ್ಕಾ. ಇಂಗ್ಲೆಂಡಿಂದಂತ ಅಷ್ಟು ಪ್ರೀತಿಲಿಂದ ಕೇಳಾಕತ್ತಾರ. ನಂದಂತ ಗೊತ್ತಾದ್ರ ಕೇಳೂದ ಬಿಡ್ತಾರ."

ಸುಭಾಷ ಇಲ್ಲ ಎನ್ನಲು ಬಾಯಿ ತೆರೆದ. ಛೇ, ಹಂಗ್ಯಾಕ ಬಿಡ್ತಿದ್ದೆ ಎನ್ನುವ ಮಾತು ನಾಲಿಗೆಗೆ ಬಂದಿತ್ತು. ಹೊರಗೆ ಬರಲಿಲ್ಲ. ಅಡುಗೆ ಮನೆಗೆ ಎದ್ದು ಹೋಗುತ್ತಿದ್ದ ಅವಳ ಬೆನ್ನು ಕಂಡಿತು. ಅಲ್ಲಿ ಕತ್ತಲಲ್ಲಿ ಕೂತು, ತನ್ನ ಕೈಯ ಏಟನ್ನು ತಾನೇ, ಗಂಡನ ಕಣ್ಣಿಗೆ ಬೀಳದ ಹಾಗೆ ಕೇಳಿಕೊಳ್ಳುತ್ತಿದ್ದಳು.

"ಖರೆ ಹೇಳ್ಯಾಳ್ರಿ ವೈನಿ," ಎಂದ. "ಬಿಡ್ತಿದ್ನಿ."

ಸುಭಾಷ ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಗುಂಡಿ ಒತ್ತಿದ. ಟೇಪು ಹರಿದರೆ ಹರಿಯಲಿ ಎನ್ನಿಸಿತು. ಮೂರನೆಯ ಹಾಡು ಶುರುವಾಗಿ ಎರಡು ಏಟು ಬೀಳುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು, ಶೆಡ್ಡಿನ ಮಗ್ಗಗಳೆಲ್ಲ ಒಟ್ಟಿಗೆ ಎದ್ದವು. ಹಾಡು ಮುಳುಗಿಹೋಯಿತು. ಕಾಶಪ್ಪ ಎದ್ದು, ಬಂದ್ ಮಾಡಲೇನು ಎಂದು ಕೈಸನ್ನೆ ಮಾಡಿದ. ಸುಭಾಷ ಬ್ಯಾಡ ಎಂದು ತಲೆಯಾಡಿಸಿ, ಅಂಗೈಯನ್ನು ಸ್ಪೀಕರಿನ ಮೇಲೆ ಚಾಚಿ ಇಟ್ಟ. ಏನೂ ಕೇಳಿಸುತ್ತಿರಲಿಲ್ಲ. ಆದರೂ ಹಗುರವಾದ ಏಟುಗಳು ಅಂಗೈಗೆ ಒಂದಾದ ಮೇಲೊಂದು ಬೀಳುತ್ತಿದ್ದವು. ಬುತ್ತಿ ಮುಗಿಸಿ ಒಳಗೆ ಬಂದ ಕೆಲಸದವರು ಅವನನ್ನು ನೋಡಿಕೊಂಡೇ ತಮ್ಮ ತಮ್ಮ ಮಗ್ಗದ ಕಡೆಗೆ ಹೋದರು. ಹಾಡು ಮುಗಿಯುವವರೆಗೂ ಅವನು ಕೈ ತೆಗೆಯಲಿಲ್ಲ.